ಹೆಬ್ಬೆರಳ ಹಿಂದಿನ ನಾಡಿ

ಮುಂಬಯಿ
೧೬ ಆಗಸ್ಟ್ ೧೯೩೬

ಅಕ್ಕನಿಗೆ ಅಜ್ಜಪ್ಪನ ನಮಸ್ಕಾರ.

ನೀನು ಕಳಿಸಿದ ಶೇಂಗಾ ಚಟ್ನಿಯ ಡಬ್ಬಿ ಮುಟ್ಟಿತು. ಕೋಣೆಯ ಗೆಳೆಯರು ಎರಡೇ ದಿನದಲ್ಲಿ ಬಳಿದು ತಿಂದರು. ಇನ್ನೊಂದು ಬರಲಿ ಎಂದು ಅವರೇ ಬರೆಯಲು ಹೇಳಿದ್ದಾರೆ.

ಇಲ್ಲಿ ಹೆಣ ಕೊಯ್ಯುವ ಕೋಣೆಯಲ್ಲಿ ಪಾಠ ಸುರುವಾಗಿದೆ. ಇದನ್ನು ಅವ್ವನಿಗೆ ಓದಿ ಹೇಳಬೇಡ. ಮಣ್ಣಿಗೆ ಹೋಗಬೇಕಾದ್ದನ್ನು ಮಗ ಸೀಳುತ್ತಾನೆಂದು ನೊಂದುಕೊಂಡಾಳು. ನಿನಗೆ ಹೇಳದೆ ಇರಲಾರೆ. ನಮ್ಮ ಪುಸ್ತಕದಲ್ಲಿ ಮನುಷ್ಯನ ಚಿತ್ರ ಒಂದೇ. ಮೇಜಿನ ಮೇಲೆ ಮಲಗಿದವರು ಮಾತ್ರ ಒಬ್ಬರಂತೆ ಒಬ್ಬರಿಲ್ಲ. ಒಬ್ಬನ ಮುಂಗೈಯಲ್ಲಿದ್ದ ಸ್ನಾಯು ಇನ್ನೊಬ್ಬನಲ್ಲಿ ಇಲ್ಲವೇ ಇಲ್ಲ. ಒಬ್ಬನ ತೊಡೆಯ ದೊಡ್ಡ ನರ ಸ್ನಾಯುವಿನ ಕೆಳಗೆ ಹಾಯುವ ಬದಲು ಅದನ್ನೇ ಸೀಳಿಕೊಂಡು ಹೊರಬಿದ್ದಿದೆ. ಮೊನ್ನೆ ನನ್ನ ಪಾಲಿಗೆ ಬಂದ ಎಡಗೈಯಲ್ಲಿ ನಾಡಿಯ ಧಮನಿ ಇರಬೇಕಾದ ಕಡೆ ಇರಲಿಲ್ಲ. ಅರ್ಧ ಮುಂಗೈಯಲ್ಲೇ ಹಾದಿ ಬಿಟ್ಟು, ಚರ್ಮದ ಅಡಿಯಲ್ಲೇ ಹೆಬ್ಬೆರಳ ಹಿಂದಕ್ಕೆ ಹೊರಳಿತ್ತು.

ಅದನ್ನು ನೋಡಿದಾಗ ನಿನ್ನ ನೆನಪಾಯಿತು. ನಿನ್ನ ಎಡಗೈ ಹಿಡಿದು ಸಾಲೆಗೆ ಹೋಗುವಾಗ "ಅಕ್ಕಾ, ನಿನ್ನ ಕೈಯಾಗ ಕಪ್ಪಿ ಜಿಗಿದಂಗ ಆಕ್ಕೈತಿ" ಎನ್ನುತ್ತಿದ್ದೆನಲ್ಲ? ನಿನ್ನ ಎಡ ಮಣಿಕಟ್ಟನ್ನು ಮುಟ್ಟಿ ನೋಡಿ, ನಾಡಿ ಎಲ್ಲಿ ಬಡಿಯುತ್ತದೆಂದು ಬರೆ.

ಇಂಥದ್ದನ್ನೆಲ್ಲ ನೋಡುವ ಭಾಗ್ಯ ನನಗೆ ನಿನ್ನಿಂದ ಬಂದದ್ದು. ನನ್ನ ಓದಿಗಾಗಿ ನೀನು ಚಿಕ್ಕೇರೂರಿನ ಲಗ್ನ ಬಿಟ್ಟೆ. ಅದನ್ನು ಮರೆತಿಲ್ಲ.

ನಿನ್ನ ಅಜ್ಜಪ್ಪ

---

ಹಿರೇಕೆರೂರು
೨ ಸಪ್ಟೆಂಬರ್ ೧೯೩೬

ಚಿರಂಜೀವಿ ಅಜ್ಜಪ್ಪನಿಗೆ,

ನೀನು ಹೇಳಿದಂತೆ ನೋಡಿದೆ. ಎಲ್ಲರಿಗೂ ಬಡಿಯುವಲ್ಲಿ ನನಗೆ ಏನೂ ಇಲ್ಲ. ಹೆಬ್ಬೆರಳ ಹಿಂದೆ, ಎಲುಬಿನ ಮಗ್ಗುಲಲ್ಲಿ ಜೋರಾಗಿ ಬಡಿಯುತ್ತದೆ. ಬಲಗೈಯಲ್ಲಿ ಎಲ್ಲರ ಹಾಗೆಯೇ ಇದೆ.

ನೀನು ಸೀಳಿದ ಆ ಕೈಯವನಿಗೆ ಸಾಯುವಾಗ ಎಷ್ಟು ವಯಸ್ಸಾಗಿತ್ತು? ಪುಸ್ತಕದಲ್ಲಿ ಏನು ಬರೆದಿದೆಯೋ ಅದನ್ನು ಮುಚ್ಚದೆ ಬರೆ.

ಸಾಲೆ ಚೆನ್ನಾಗಿ ನಡೆದಿದೆ. ನಾಲ್ಕನೆಯ ಇಯತ್ತೆಯಲ್ಲಿ ಈ ವರ್ಷ ಒಂಬತ್ತು ಹುಡುಗಿಯರು ಇದ್ದಾರೆ. ಹೋದ ವರ್ಷ ಮೂವರೇ ಇದ್ದರು. ಅವ್ವ ಆರಾಮಾಗಿದ್ದಾಳೆ.

ಮಹಾದೇವಕ್ಕ

---

ಹಿರೇಕೆರೂರು
೩ ಮಾರ್ಚ್ ೧೯೩೭

ಅಜ್ಜಪ್ಪಾ,

ಆರು ತಿಂಗಳಾಯಿತು. ಮೂರು ಕಾಗದ ಹಾಕಿದೆ, ಒಂದಕ್ಕೂ ಉತ್ತರವಿಲ್ಲ. ಸಂಕ್ರಾಂತಿಗೂ ನೀನು ಬರಲಿಲ್ಲ. ಟಪಾಲಿನವನ ಮುಖ ನೋಡಿ ನೋಡಿ ಅವ್ವನಿಗೆ ಸಾಕಾಗಿದೆ.

ನೀನು ಯಾಕೆ ಸುಮ್ಮನಿದ್ದೀಯ ಎಂದು ನನಗೆ ಗೊತ್ತಾಗಿದೆ. ಕೇಳಿದ ಪ್ರಶ್ನೆಗೆ ಉತ್ತರ ಬರೆಯಲು ನಿನ್ನ ಕೈ ಏಳುತ್ತಿಲ್ಲ. ನನ್ನ ದಿನ ಕಡಿಮೆ ಎಂದು ಪುಸ್ತಕ ಹೇಳಿದ್ದರೆ ಹಾಗೆಯೇ ಬರೆದುಬಿಡು. ಹೆದರುವ ಕಾಲ ನನಗೆ ಹಿಂದೆಯೇ ಮುಗಿದಿದೆ. ಒಂಬತ್ತು ಹುಡುಗಿಯರ ಪರೀಕ್ಷೆ ಮೇ ತಿಂಗಳಲ್ಲಿದೆ. ಅಲ್ಲಿಯತನಕ ಸಮಯ ಇದೆಯೋ ಇಲ್ಲವೋ, ಅಷ್ಟು ತಿಳಿದರೆ ಸಾಕು. ಇಲ್ಲದಿದ್ದರೆ ಅವರ ಪಾಠವನ್ನು ಬೇಗ ಮುಗಿಸಬೇಕು.

ಮಹಾದೇವಕ್ಕ

---

ಮುಂಬಯಿ
೯ ಮಾರ್ಚ್ ೧೯೩೭

ಅಕ್ಕಾ,

ನಿನ್ನ ಕಾಗದವನ್ನು ಮೆಟ್ಟಿಲ ಮೇಲೆಯೇ ಓದಿ, ಆಗಲೇ ಬರೆಯಲು ಕುಳಿತೆ. ಎಂಥ ಮಾತು ಬರೆದಿದ್ದೀಯ!

ಆ ಕೈಯವನು ತಲೆ ಪೂರ್ತಿ ಬೆಳ್ಳಗಾದ ಮುದುಕ. ಎಪ್ಪತ್ತರ ಮೇಲಾಗಿತ್ತು. ಆ ಧಮನಿ ಅವನ ಕೈಗೆ ಎಪ್ಪತ್ತು ವರ್ಷವೂ ತಪ್ಪದೆ ರಕ್ತ ಒಯ್ದಿತ್ತು. ಅದು ರೋಗವಲ್ಲ, ಕೊರತೆಯೂ ಅಲ್ಲ. ಊರಿಗೆ ಎರಡು ಹಾದಿ ಇದ್ದ ಹಾಗೆ ಅದೊಂದು ಬೇರೆ ಹಾದಿ, ಅಷ್ಟೇ. ನೂರಾರು ಜನರಲ್ಲಿ ಒಬ್ಬರಿಗೆ ಹೀಗಿರುತ್ತದೆ. ನೀನು ನೂರು ವರ್ಷ ಬಾಳುತ್ತೀ.

ನಾನು ಬರೆಯದೆ ಇದ್ದದ್ದು ನಾಚಿಕೆಯಿಂದ. ಪರೀಕ್ಷೆಯಲ್ಲಿ ನಪಾಸಾದೆ. ಆ ಕೈಯ ಹುಚ್ಚು ಹಿಡಿದು ಕೈಯನ್ನೇ ಓದುತ್ತ ಕುಳಿತೆ. ಅವರು ಹೊಟ್ಟೆಯ ಮೇಲೆ ಪ್ರಶ್ನೆ ಕೇಳಿದರು. ಲಗ್ನ ಬಿಟ್ಟು ಓದಿಸಿದ ಅಕ್ಕನಿಗೆ ನಪಾಸಾದೆ ಎಂದು ಯಾವ ಬಾಯಿಂದ ಹೇಳಲಿ? ಮತ್ತೆ ಕೂರುತ್ತಿದ್ದೇನೆ, ಈ ಸಲ ಹೊಟ್ಟೆಯನ್ನೂ ಓದಿದ್ದೇನೆ.

ಆದರೆ ದಿನ ಕಡಿಮೆ ಎಂಬ ಮಾತು ನಿನ್ನ ತಲೆಯಲ್ಲಿ ಹಾಕಿದವರು ಯಾರು?

ಅಜ್ಜಪ್ಪ

---

ಹಿರೇಕೆರೂರು
೨೧ ಮಾರ್ಚ್ ೧೯೩೭

ಅಜ್ಜಪ್ಪಾ,

ನಪಾಸಾದದ್ದಕ್ಕೆ ಬೈಯುವುದಿಲ್ಲ. ಬರೆಯದೆ ಇದ್ದದ್ದಕ್ಕೆ ಬೈಯುತ್ತೇನೆ, ಊರಿಗೆ ಬಾ.

ಕೇಳಿದ್ದಕ್ಕೆ ಉತ್ತರ ಹೇಳುತ್ತೇನೆ. ನಾನು ಹದಿನೈದರವಳಿದ್ದಾಗ, ಅಂದರೆ ೧೯೨೮ರಲ್ಲಿ, ಅಬಲೂರಿನ ಮನೆಯಲ್ಲಿ ಚಳಿಜ್ವರ ಬಂದು ಮಲಗಿದ್ದೆ. ಅಪ್ಪ ಹಾನಗಲ್ಲಿನಿಂದ ಮಹಾಲಿಂಗಪ್ಪ ಪಂಡಿತರನ್ನು ಗಾಡಿ ಕಟ್ಟಿಸಿ ಕರೆತಂದ. ಹೆಣ್ಣುಮಕ್ಕಳ ನಾಡಿಯನ್ನು ಎಡಗೈಯಲ್ಲಿ ನೋಡುತ್ತಾರಲ್ಲ? ಅವರು ಮೂರು ಬೆರಳು ಇಟ್ಟರು, ಸರಿಸಿದರು, ಮತ್ತೆ ಇಟ್ಟರು. ಆಮೇಲೆ ಪಡಸಾಲೆಗೆ ಹೋಗಿ ಅಪ್ಪನಿಗೆ ಹೇಳಿದ್ದು ನನಗೂ ಕೇಳಿಸಿತು. "ಗುರಪ್ಪಾ, ಕೂಸಿನ ಕೈಯಾಗ ನಾಡಿನ ಇಲ್ಲ. ಜ್ವರ ಇಳದ್ರೂ ಭಾಳ ದಿನ ಬಾಳೂದಿಲ್ಲ. ಮಂದೀ ಮನಿಗೆ ಕೊಟ್ಟು ಮಾತು ತರಸ್ಕೋಬ್ಯಾಡ."

ಜ್ವರ ಇಳಿಯಿತು. ಮಾತು ಚಿಕ್ಕೇರೂರಿಗೆ ಮುಟ್ಟಿತು. ಅವರು ವೀಳ್ಯ ಹಿಂದಕ್ಕೆ ಕಳಿಸಿದರು. ಆಮೇಲೆ ಯಾರೂ ಕೇಳಿಕೊಂಡು ಬರಲಿಲ್ಲ. ನೀನು ಆಗ ಸಣ್ಣವ, ನಿನ್ನ ಮುಂದೆ ಯಾರೂ ಈ ಮಾತು ಆಡಲಿಲ್ಲ. ಸುಮ್ಮನೆ ಕುಳಿತು ಸಾವಿನ ಹಾದಿ ಕಾಯುವ ಬದಲು ಓದೋಣವೆಂದು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕಟ್ಟಿದೆ. ಪಾಸಾದೆ, ಮಾಸ್ತರಿಕೆ ಸಿಕ್ಕಿತು. ಅಪ್ಪ ತೀರಿಕೊಂಡ ಮೇಲೆ ನಿನ್ನನ್ನು ಓದಿಸಿದೆ.

ನಿನಗಾಗಿ ಲಗ್ನ ಬಿಟ್ಟೆ ಎಂದು ನೀನು ಕಾಗದ ಕಾಗದಕ್ಕೂ ಬರೆಯುತ್ತಿದ್ದೆ. ನಾನು ತಿದ್ದಲಿಲ್ಲ. ನಾಡಿ ಇಲ್ಲದವಳು ಎನಿಸಿಕೊಳ್ಳುವುದಕ್ಕಿಂತ ತ್ಯಾಗ ಮಾಡಿದವಳು ಎನಿಸಿಕೊಳ್ಳುವುದು ಚೆನ್ನಾಗಿತ್ತು. ಈಗ ಅದರ ಜರೂರಿ ಇಲ್ಲ.

ಒಂಬತ್ತು ವರ್ಷ ದಿನಾ ಬೆಳಿಗ್ಗೆ ಲಿಂಗಪೂಜೆಗೆ ಇದೇ ಅಂಗೈ ಚಾಚಿ, ಇವತ್ತು ಒಂದು ದಿನ ಕೊಟ್ಟೆಯಲ್ಲ ಎನ್ನುತ್ತಿದ್ದೆ. ನಿನ್ನ ಕಾಗದ ಬಂದ ಮರುದಿನ ಹಾಗೆ ಅನ್ನಲಿಲ್ಲ. ಸುಮ್ಮನೆ ಪೂಜೆ ಮಾಡಿದೆ. ಅವ್ವನ ಮುಂದೆ ಓದಿದೆ. "ನೂರು ವರ್ಷ" ಎಂಬುದನ್ನು ನಾಲ್ಕು ಸಲ ಓದಿಸಿಕೊಂಡು, ಹಿತ್ತಲಿಗೆ ಹೋಗಿ ಅತ್ತು ಬಂದಳು.

ಮಹಾದೇವಕ್ಕ

---

ಮುಂಬಯಿ
೪ ಏಪ್ರಿಲ್ ೧೯೩೭

ಅಕ್ಕಾ,

ಆ ಪಂಡಿತನನ್ನು ಹಾನಗಲ್ಲ ಪೇಟೆಯಲ್ಲಿ ನಿಲ್ಲಿಸಿ ನಾಲ್ಕು ಜನರೆದುರು ಕೇಳಬೇಕು ಎನ್ನಿಸುತ್ತಿದೆ. ನನ್ನಿಂದ ಇವತ್ತು ಇದಕ್ಕಿಂತ ಹೆಚ್ಚು ಬರೆಯಲಾಗದು.

ಒಂದು ಕೆಲಸ ಮಾತ್ರ ಹೇಳುತ್ತೇನೆ. ನಮಗೆ ಇಲ್ಲಿ ವರ್ಷಕ್ಕೆ ಹತ್ತಿಪ್ಪತ್ತು ಹೆಣ ಸಿಗುತ್ತವೆ, ಅದೂ ಗಂಡಸರದೇ ಹೆಚ್ಚು. ನಿನ್ನ ಸುತ್ತಲೂ ಬದುಕಿರುವ ನೂರಾರು ಹೆಣ್ಣುಮಕ್ಕಳಿದ್ದಾರೆ. ಅವರ ಎಡಗೈ ಹಿಡಿದು ನೋಡಿ ಬರೆದಿಡುತ್ತೀಯಾ? ಹೆಸರು, ಊರು, ನಾಡಿ ಬಡಿಯುವ ಜಾಗ, ಇಷ್ಟು ಸಾಕು. ಆ ಜಾಗದಲ್ಲಿ ಚಾಕು ಹಾಕುವ ವೈದ್ಯನಿಗೆ ಇದು ಗೊತ್ತಿರಲೇಬೇಕು. ಗೊತ್ತಿಲ್ಲದೆ ಅದನ್ನು ಕಡಿದವರಿದ್ದಾರೆ, ನೀಲಿನರವೆಂದು ಸೂಜಿ ಚುಚ್ಚಿ ಬೆರಳು ಕೊಳೆಯಿಸಿದವರೂ ಇದ್ದಾರೆ.

ಅಜ್ಜಪ್ಪ

---

ಹಾನಗಲ್ಲ
೧೯ ಜನವರಿ ೧೯೩೯

ಅಜ್ಜಪ್ಪಾ,

ಇಲ್ಲಿಗೆ ವರ್ಗವಾಗಿ ಬಂದು ಏಳು ತಿಂಗಳಾಯಿತು. ಎಣಿಕೆಯ ಪುಸ್ತಕದಲ್ಲಿ ಐನೂರು ಹೆಸರು ದಾಟಿವೆ. ಸಾಲೆಯ ಹುಡುಗಿಯರು, ಅವರ ಅವ್ವಂದಿರು, ಬಾವಿಗೆ ಬರುವವರು, ಭತ್ತ ಕುಟ್ಟುವವರು. ಮೊದಮೊದಲು ಕೈ ಕೊಡಲು ಅಂಜುತ್ತಿದ್ದರು. ನನ್ನ ಕೈ ತೋರಿಸಿ, ಮುಟ್ಟಿ ನೋಡ್ರಿ ಎಂದ ಮೇಲೆ ಅವರೇ ಒಬ್ಬರನ್ನೊಬ್ಬರು ಎಳೆದು ತರುತ್ತಾರೆ.

ಈಗ ಮುಖ್ಯ ಸಂಗತಿ. ನೀನು ಸಿಟ್ಟಿನಲ್ಲಿದ್ದೆಯೆಂದು ಮೊದಲೇ ಬರೆಯಲಿಲ್ಲ. ಹೋದ ತಿಂಗಳು ಮಹಾಲಿಂಗಪ್ಪ ಪಂಡಿತರ ಮನೆಗೆ ಹೋದೆ. ಎಪ್ಪತ್ತು ದಾಟಿದೆ, ಕಣ್ಣು ಮಂಜಾಗಿವೆ.

"ಅಬಲೂರ ಗುರಪ್ಪನ ಮಗಳರೀ ನಾನು. ಹತ್ತು ವರ್ಷದ ಹಿಂದ ಕೈ ನೋಡಿದ್ರಿ. ಇನ್ನೊಮ್ಮೆ ನೋಡ್ರಿ" ಎಂದೆ.

ಅವರು ನನ್ನ ಮುಖವನ್ನೇ ದಿಟ್ಟಿಸಿದರು. ಕೈ ಹಿಡಿದರು. ಮೂರು ಬೆರಳು ಅದೇ ಜಾಗದಲ್ಲಿ. "ಇಲ್ಲವ್ವಾ, ಇಂದೂ ಇಲ್ಲ" ಎಂದರು. ನಾನು ಅವರ ಬೆರಳು ಹಿಡಿದು ಹೆಬ್ಬೆರಳ ಹಿಂದೆ ಇಟ್ಟೆ. ಬಹಳ ಹೊತ್ತು ತೆಗೆಯಲಿಲ್ಲ. ನೀನು ಬರೆದದ್ದನ್ನೆಲ್ಲ ಹೇಳಿದೆ.

ಅಜ್ಜಪ್ಪಾ, ಅವರು ವಾದ ಮಾಡಲಿಲ್ಲ. "ಐವತ್ತು ವರ್ಷ ಇದ ಕೆಲಸ ಮಾಡೇನಿ ತಾಯಿ. ನಾಡಿ ನನ್ನ ಬೆರಳಿಗೆ ಬರಬೇಕು ಅಂತಿದ್ದೆ. ನನ್ನ ಬೆರಳು ನಾಡಿ ಹುಡಿಕ್ಕೊಂಡು ಹೋಗಲಿಲ್ಲ" ಎಂದರು. ಆಮೇಲೆ ತಾವೇ ನೆನೆಸಿಕೊಂಡು ಹೇಳಿದರು, "ನಿನ್ನ ಹಂಗ ಇನ್ನ ಇಬ್ಬರಿಗೆ ಹೇಳೇನಿ. ಒಬ್ಬಾಕಿ ಹೆರಿಗಿಯೊಳಗ ಹೋದಳು. ಇನ್ನೊಬ್ಬಾಕಿ ತಡಸದ ಉಡಚವ್ವ. ಅಕಿಗೆ ನಾನ ಹೇಳಬೇಕು. ನೀ ನನ್ನ ಕರಕೊಂಡು ನಡಿ."

ಮೊನ್ನೆ ರವಿವಾರ ಸರ್ವಿಸ್ ಮೋಟಾರಿನಲ್ಲಿ ಇಬ್ಬರೂ ಹೋದೆವು. ಉಡಚವ್ವನಿಗೆ ಇಪ್ಪತ್ತೆಂಟು ವರ್ಷ. ಊರ ಹೊರಗಿನ ಕೇರಿಯಲ್ಲಿ ಅಣ್ಣ ಮಾರೆಪ್ಪನ ಮನೆಯಲ್ಲಿದ್ದಾಳೆ. ಅವಳಿಗೂ ಲಗ್ನವಿಲ್ಲ. ಅವಳು ನೆಟ್ಟ ಸಸಿ ಬರುವುದಿಲ್ಲವೆಂದು ಜನ ನಾಟಿಗೂ ಕರೆಯುವುದಿಲ್ಲವಂತೆ.

ಪಂಡಿತರು ಕೇರಿಯ ಅಂಚಿಗೆ ನಿಲ್ಲುತ್ತಾರೆಂದು ನಾನು ತಿಳಿದಿದ್ದೆ. ನಿಲ್ಲಲಿಲ್ಲ. ಬಾಗಿಲಿಗೆ ಹೋಗಿ ಕಟ್ಟೆಯ ಮೇಲೆ ಕುಳಿತರು. "ಅವತ್ತು ನಿನ್ನ ಕೈ ಮ್ಯಾಲೆ ಅರಿವಿ ಹಾಕಿ ನೋಡಿದ್ದೆ ತಂಗಿ. ಇವತ್ತು ಅರಿವಿ ಇಲ್ದ ಕೊಡು" ಎಂದರು. ಅವಳು ಅಣ್ಣನ ಮುಖ ನೋಡಿದಳು. ಪಂಡಿತರು ಕೈ ಚಾಚಿಯೇ ಇದ್ದರು. ಕೊನೆಗೆ ಕೊಟ್ಟಳು. ಬರಿಗೈಯಲ್ಲಿ ಹಿಡಿದು, ಹೆಬ್ಬೆರಳ ಹಿಂದೆ ಹುಡುಕಿ, ಸಿಕ್ಕಿದೊಡನೆ ಇಡೀ ಕೇರಿಗೆ ಕೇಳುವಂತೆ ಕೂಗಿದರು. "ಐತಿ! ಗಟ್ಟಿ ಐತಿ! ತಪ್ಪು ನಂದು, ಈ ಕೈದಲ್ಲ!"

ಉಡಚವ್ವ ಅಳುತ್ತಾಳೆಂದುಕೊಂಡೆ. ಅಳಲಿಲ್ಲ. "ಹನ್ನೆರಡು ವರ್ಷ ಆದುವರೀ" ಎಂದಳು, ಅಷ್ಟೇ. ಪಂಡಿತರು ತಲೆ ತಗ್ಗಿಸಿದರು. ಹೊರಡುವಾಗ ಅವಳು ನನ್ನನ್ನು ತಡೆದು, ಆ ಜಾಗವನ್ನು ಇನ್ನೊಮ್ಮೆ ಸರಿಯಾಗಿ ತೋರಿಸಿಕೊಂಡಳು.

ಅವರನ್ನು ಪೇಟೆಯಲ್ಲಿ ನಿಲ್ಲಿಸುವ ನಿನ್ನ ಆಸೆಯನ್ನು ಈಗ ಬಿಟ್ಟುಬಿಡು.

ಮಹಾದೇವಕ್ಕ

---

ಮುಂಬಯಿ
೮ ಡಿಸೆಂಬರ್ ೧೯೪೧

ಅಕ್ಕಾ,

ನಿನ್ನ ತಮ್ಮ ಈಗ ಪದವಿ ಪಡೆದ ಡಾಕ್ಟರನಷ್ಟೇ ಅಲ್ಲ, ನಿನ್ನೆ ವೈದ್ಯರ ಸಭೆಯಲ್ಲಿ ಪ್ರಬಂಧ ಓದಿದವ. ನೀನು ಕಳಿಸಿದ ಎಣಿಕೆಯನ್ನೆಲ್ಲ ಪಟ್ಟಿ ಮಾಡಿ ಗೋಡೆಗೆ ಹಚ್ಚಿದ್ದೆ. ಸಾವಿರದ ಮುನ್ನೂರ ಹನ್ನೆರಡು ಎಡಗೈ, ಅದರಲ್ಲಿ ಹನ್ನೊಂದರಲ್ಲಿ ನಾಡಿ ಹೆಬ್ಬೆರಳ ಹಿಂದೆ! ದೊಡ್ಡ ದೊಡ್ಡ ಸರ್ಜನರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಾಸಪತ್ರಿಕೆಯಲ್ಲಿ ಅಚ್ಚಾಗುತ್ತದೆ. ನಮ್ಮ ಎಣಿಕೆ ಲೋಕಕ್ಕೆ ಗೊತ್ತಾಯಿತು.

ಅಜ್ಜಪ್ಪ

---

ಶಿಗ್ಗಾಂವಿ
೨ ಜನವರಿ ೧೯೪೨

ಅಜ್ಜಪ್ಪಾ,

ನಿನ್ನ ಕಾಗದವನ್ನು ಸಾಲೆಯಲ್ಲೇ ಒಡೆದು ಓದಿದೆ. ಹುಡುಗಿಯರಿಗೆ ಅರ್ಧ ದಿನ ಸೂಟಿ ಕೊಟ್ಟೆ. ಕಾರಣ ಕೇಳಿದರೆ ಸಾಹೇಬರಿಗೆ ಏನು ಹೇಳಲಿ ಎಂದು ಆಮೇಲೆ ಚಿಂತೆ ಹತ್ತಿತು.

ಸವಣೂರಿನ ನೂರಾ ನಾಲ್ವತ್ತು ಹೆಸರನ್ನೂ ಸೇರಿಸಿದೆಯಲ್ಲ? ಅದು ನವಾಬರ ಸೀಮೆ, ನನಗೆ ಅಲ್ಲಿ ವರ್ಗವಾಗುವುದಿಲ್ಲ. ದೀಪಾವಳಿ ಸೂಟಿಯಲ್ಲಿ ನಮ್ಮ ಸಾಲೆಯ ಸಿಪಾಯಿ ಪೀರಸಾಬನ ಹೆಂಡತಿ ತನ್ನ ತವರಿಗೆ ಕರೆದೊಯ್ದು, ಪರದೆಯ ಒಳಗೆಲ್ಲ ತಿರುಗಿಸಿದಳು. ಎಲೆತೋಟದ ಹೆಂಗಸರು ವೀಳ್ಯದೆಲೆ ಕೊಯ್ಯುತ್ತಲೇ ಎಡಗೈ ಚಾಚಿದರು.

ಅಚ್ಚಾದ ಹಾಳೆಯನ್ನು ಕಳಿಸು. ಇಂಗ್ಲಿಷ್ ಇದ್ದರೂ ಚಿಂತೆಯಿಲ್ಲ. ಹೆಸರು ಗುರುತಿಸುವಷ್ಟು ಅಕ್ಷರ ನನಗೆ ಬರುತ್ತವೆ.

ಮಹಾದೇವಕ್ಕ

---

ಹುಬ್ಬಳ್ಳಿ
೧೪ ಜುಲೈ ೧೯೪೪

ಅಕ್ಕಾ,

ಹುಬ್ಬಳ್ಳಿಗೆ ಬಂದು ವರ್ಷವಾಯಿತು. ಶಿಗ್ಗಾಂವಿ ಇಷ್ಟು ಹತ್ತಿರವಿದ್ದರೂ ನಿನ್ನ ಕಡೆ ಬರುವುದನ್ನು ತಪ್ಪಿಸುತ್ತಲೇ ಇದ್ದೇನೆ. ಕೆಲಸ ಹೆಚ್ಚು ಎಂದು ನೆಪ ಬರೆದೆ. ನೆಪ ಯಾಕೆಂದು ಇವತ್ತು ಹೇಳಬೇಕಾಗಿದೆ.

ನಿನ್ನೆ ಒಂಬತ್ತು ಆಪರೇಷನ್ ಇದ್ದವು. ಕೊನೆಯದು ಎಡ ಮಣಿಕಟ್ಟಿನ ಹಿಂದೆ ಲಿಂಬಿಕಾಯಿಯಷ್ಟು ನೀರುಗಂಟು. ಹತ್ತು ನಿಮಿಷದ ಕೆಲಸ. ಹೆಸರು ಸಹ ಕೇಳಲಿಲ್ಲ. ಔಷಧ ಹಚ್ಚಿದೆ, ಮರಗಟ್ಟಿಸುವ ಸೂಜಿ ಎತ್ತಿದೆ. ಮೇಜಿನ ಮೇಲಿದ್ದ ಹೆಣ್ಣುಮಗಳು ಕೈ ಎಳೆದುಕೊಂಡಳು.

"ತಡೀರಿ ಸಾಹೇಬ್ರ. ಅಲ್ಲೆ ನನ್ನ ನಾಡಿ ಐತ್ರಿ."

"ನಾಡಿ ಅಂಗೈ ಕಡೆ ಇರತೈತಿ, ಹಿಂದ ಅಲ್ಲ" ಎಂದೆ. ನಾನು ಅಂದೆ ಅಕ್ಕಾ, ನಾನೇ!

"ಎಲ್ಲಾರಿಗೂ ಆ ಕಡೆ ಇರತೈತ್ರಿ. ನನಗ ಈ ಕಡೆ ಐತಿ. ನಮ್ಮ ಅಕ್ಕೋರು ತೋರಿಸಿಕೊಟ್ಟಾರ. ಮುಟ್ಟಿ ನೋಡ್ರಿ, ಆಮ್ಯಾಲೆ ಕೊಯ್ರಿ."

ಮುಟ್ಟಿದೆ. ಗಂಟಿನ ನೆತ್ತಿಯ ಮೇಲೆಯೇ ಧಮನಿ ಹಾಯ್ದಿತ್ತು. ಚರ್ಮದಡಿಯ ನೀಲಿನರದ ಹಾಗೆ ಕಾಣುತ್ತಿತ್ತು. ಸೂಜಿ ಅದಕ್ಕೇ ಹೋಗುತ್ತಿತ್ತು, ಆಮೇಲೆ ಚಾಕು.

"ಯಾವ ಅಕ್ಕೋರು?" ಎಂದೆ. "ಮಾದೇವಕ್ಕೋರ್ರಿ, ಶಿಗ್ಗಾಂವಿ ಸಾಲ್ಯಾಗ ಅದಾರ. ಅವರ ಕೈನೂ ಹಿಂಗ ಐತಿ." ತಡಸದ ಉಡಚವ್ವ ಅವಳು. ನಾನು ನಿನ್ನ ತಮ್ಮನೆಂದು ಹೇಳಲು ಬಾಯಿ ಬರಲಿಲ್ಲ. ಧಮನಿಯನ್ನು ಬಿಡಿಸಿ ಪಕ್ಕಕ್ಕೆ ಸರಿಸಿ, ಒಂದು ಗಂಟೆ ಕುಳಿತು ಗಂಟನ್ನು ತೆಗೆದೆ. ಕೈ ಚೆನ್ನಾಗಿದೆ. ನನ್ನ ಕೈಯಿಂದ ಆದ ಎಲ್ಲಕ್ಕಿಂತ ಒಳ್ಳೆಯ ಕೆಲಸ ಅದು.

ಇನ್ನು ನೆಪದ ಮಾತು. ಅಚ್ಚಾದ ಹಾಳೆಯನ್ನು ನಿನಗೆ ಕಳಿಸಲೇ ಇಲ್ಲವಲ್ಲ. ಅದರಲ್ಲಿ ನಿನ್ನ ಹೆಸರಿಲ್ಲ. ಬರೆದಿದ್ದೆ. ಹಿರಿಯರೊಬ್ಬರು, ಹಳ್ಳಿಯ ಸಾಲೆಯ ಶಿಕ್ಷಕಿ ಎಣಿಸಿದ್ದೆಂದರೆ ಯಾರು ನಂಬುತ್ತಾರೆ, ನೀನೇ ಎಣಿಸಿದೆನೆಂದು ಬರೆ ಎಂದರು. ನಾನು ನಿನ್ನ ಹೆಸರು ಹೊಡೆದು ಹಾಕಿದೆ. ಅವರು ಕೈ ಹಿಡಿದು ಬರೆಯಿಸಲಿಲ್ಲ, ನಾನೇ ಮಾಡಿದೆ. ಚಪ್ಪಾಳೆಯನ್ನೂ ನಾನೇ ತೆಗೆದುಕೊಂಡೆ.

ಅಜ್ಜಪ್ಪ

---

ಶಿಗ್ಗಾಂವಿ
೨೩ ಜುಲೈ ೧೯೪೪

ಅಜ್ಜಪ್ಪಾ,

ಹೆಸರಿನದೇನು ಬಿಡು, ನೀನು ಬೇರೆ ನಾನು ಬೇರೆಯೇ ಎಂದು ಬರೆಯುತ್ತೇನೆಂದು ನೀನು ಕಾದಿರಬಹುದು. ಬರೆಯುವುದಿಲ್ಲ. ನನಗೆ ನೋವಾಗಿದೆ.

ಸಾವಿರದ ಮುನ್ನೂರ ಹನ್ನೆರಡು ಕೈ ಹಿಡಿದವಳು ನಾನು. ಸಗಣಿ ಬಳಿಯುತ್ತಿದ್ದವರ ಕೈ, ಹಸಿ ಬಾಣಂತಿಯ ಕೈ, ಅಕ್ಷರ ಕಲಿಯದವರ ಕೈ. ಒಂದೊಂದನ್ನೂ ಎರಡು ಸಲ ನೋಡಿದ್ದೇನೆ. ಒಂದು ಹೆಸರನ್ನೂ ಸುಮ್ಮನೆ ಬರೆದಿಲ್ಲ. ಯಾರು ನಂಬುತ್ತಾರೆಂದು ನಿನ್ನ ಹಿರಿಯರು ಕೇಳಿದರಲ್ಲ? ಉಡಚವ್ವ ನಂಬಿದ್ದಳು. ಅದಕ್ಕೇ ಅವಳ ಕೈ ಉಳಿಯಿತು, ನಿನ್ನ ಮರ್ಯಾದೆಯೂ ಉಳಿಯಿತು.

ತಿದ್ದಿ ಬರೆ. ಪತ್ರಿಕೆಯವರಿಗೆ ಬರೆ, ಯಾಕೆ ತಪ್ಪಿತೆಂದೂ ಬರೆ. ನನ್ನ ಹೆಸರನ್ನು ಪೂರ್ತಿ ಹಾಕಿಸು: ಮಹಾದೇವಕ್ಕ ಗುರಪ್ಪ, ಅಬಲೂರು, ಸಾಲೆಯ ಶಿಕ್ಷಕಿ. ಉಡಚವ್ವನನ್ನು ನಾನೇ ತಡಸಕ್ಕೆ ಹೋಗಿ ಕೇಳಿದೆ. "ನನ್ನ ಹೆಸರೂ ಇರಲಿ, ಸಾಹೇಬ್ರನ್ನ ತಡದಾಕಿ ನಾನ ಅಲ್ಲೇನು?" ಎಂದು ನಕ್ಕಳು. ಹೋದ ವರ್ಷ ಲಿಂಗೈಕ್ಯರಾದ ಮಹಾಲಿಂಗಪ್ಪ ಪಂಡಿತರ ಹೆಸರನ್ನೂ ಬರೆ. ಉಡಚವ್ವನ ಕೈ ನೋಡಿ ಬಂದ ಮೇಲಿನ ನಾಲ್ಕು ವರ್ಷ, ತಾವು ಕೈ ನೋಡಿದ ಊರೂರಿಗೆ ಹೋಗಿ ಮತ್ತೆ ನೋಡಿ ಬಂದ ಮನುಷ್ಯ ಅವರು.

ನೀನು ತಪ್ಪನ್ನು ಮುಚ್ಚದೆ ಬರೆದೆ. ಅದು ನನಗೆ ಸೇರಿತು. ತಿದ್ದಿದ ಮೇಲೆ ಊಟಕ್ಕೆ ಬಾ, ಅದಕ್ಕಿಂತ ಮೊದಲು ಬೇಡ.

ಮಹಾದೇವಕ್ಕ

---

ಶಿಗ್ಗಾಂವಿ
೧೦ ಫೆಬ್ರುವರಿ ೧೯೪೫

ಚಿರಂಜೀವಿ ಅಜ್ಜಪ್ಪನಿಗೆ,

ಮಾಸಪತ್ರಿಕೆ ಇವತ್ತು ಮುಟ್ಟಿತು. ನೀನು ಗುರುತು ಹಾಕಿದ ಪುಟ ತೆರೆದೆ. ಮೂರು ಹೆಸರೂ ಇವೆ. ನನ್ನದರಲ್ಲಿ ಒಂದು ಅಕ್ಷರ ತಪ್ಪಾಗಿದೆ, ಇರಲಿ. ನಾಳೆ ರವಿವಾರ ತಡಸಕ್ಕೆ ಒಯ್ಯುತ್ತೇನೆ. ಮಾರೆಪ್ಪ ಕೇರಿಯವರನ್ನೆಲ್ಲ ಕೂಡಿಸುತ್ತಾನಂತೆ.

ಅವ್ವ ಒಲೆಯ ಮುಂದಿನಿಂದ ಎದ್ದು ಬಂದು, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಕೇಳಿದಳು, "ಇದರಾಗ ನೀ ಎಲ್ಲದೀ?"

ತೋರಿಸಿದೆ. ಅವಳು ಆ ಸಾಲಿನ ಮೇಲೆ ಬೆರಳು ಇಟ್ಟಳು. ರೊಟ್ಟಿ ಹೊತ್ತಿದ ವಾಸನೆ ಬಂತು. "ಅವ್ವಾ, ರೊಟ್ಟಿ" ಎಂದೆ.

"ಹೊತ್ತಲಿ ಬಿಡು" ಎಂದಳು. ಬೆರಳು ತೆಗೆಯಲಿಲ್ಲ.

ಮಹಾದೇವಕ್ಕ